ಹಳ್ಳ ದಾಟುವ ಜೀಪಿಗೆ ಹಾದಿ

ನಮ್ಮ ವಾಚನಾಲಯದಲ್ಲಿ ಸಂಜೆಯ ಹೊತ್ತು ಪತ್ರಿಕೆ ಬಿಡಿಸಿ ಕೂರುವವರಲ್ಲಿ ಬಹುಮಂದಿ ಊರಿನಲ್ಲಿ ಮನೆ, ತೋಟ, ವಯಸ್ಸಾದ ತಂದೆತಾಯಿಗಳನ್ನು ಬಿಟ್ಟು ಬಂದವರು. ಹೋಟೆಲಿನ ಕೆಲಸದವರಿರಲಿ, ಸೌಕಾರ್‌ಪೇಟೆಯ ಅಂಗಡಿಗಳಲ್ಲಿ ಲೆಕ್ಕ ಬರೆಯುವ ಗುಮಾಸ್ತರಿರಲಿ, ಮಲೆನಾಡು ಕರಾವಳಿಗಳಿಂದ ಬಂದವರಿಗೆ ಬೇಸಗೆಯ ಮೊದಲಲ್ಲಿ ಊರಿನಿಂದ ಒಂದು ಕರೆ ಬರುವುದುಂಟು. “ಹಳ್ಳಕ್ಕೆ ಒಂದು ಮೋರಿ ಹಾಕೋಣವೆಂದಿದ್ದೇವೆ. ಜೀಪು ಅಂಗಳದವರೆಗೆ ಬರುವಂತಾಗುತ್ತದೆ. ನಿನ್ನ ಪಾಲಿಗೆ ಇಷ್ಟು ಬರುತ್ತದೆ ನೋಡು.” ನಾವು ಸಂತೋಷದಿಂದಲೇ ಹಣ ಕಳುಹಿಸುತ್ತೇವೆ. ಎರಡು ಮಳೆಗಾಲ ಕಳೆದ ಮೇಲೆ ಅದೇ ಹಳ್ಳಕ್ಕೆ ಅದೇ ಕರೆ ಮತ್ತೆ ಬರುತ್ತದೆ.

ಈ ಲೇಖಕನೂ ಹೀಗೆ ಎರಡು ಬಾರಿ ವಂತಿಗೆ ಕೊಟ್ಟವನೇ. ಮೊದಲನೆಯ ಸಲ ಎರಡಡಿಯ ಒಂದು ಸಿಮೆಂಟು ಪೈಪನ್ನಿಟ್ಟು ಮೇಲೆ ಮಣ್ಣು ತುಂಬಿದರು. ಆ ವರ್ಷದ ಆಷಾಢದಲ್ಲಿ ನೀರು ಪೈಪನ್ನು ಅಲ್ಲಿಯೇ ಬಿಟ್ಟು, ಪಕ್ಕದ ದಂಡೆಯನ್ನು ಕೊರೆದು, ನೆರೆಮನೆಯವರ ಇಪ್ಪತ್ತು ಅಡಕೆ ಮರಗಳನ್ನು ಕೊಂಡೊಯ್ದಿತು. ಅದೇ ತಿಂಗಳು ಜ್ವರದಿಂದ ಮಲಗಿದ್ದ ಹಿರಿಯರೊಬ್ಬರನ್ನು ಕುರ್ಚಿಯಲ್ಲಿ ಕೂರಿಸಿ, ನಾಲ್ವರು ಹೊತ್ತು, ಆಚೆ ದಂಡೆಯಲ್ಲಿ ನಿಂತಿದ್ದ ಜೀಪಿಗೆ ಮುಟ್ಟಿಸಬೇಕಾಯಿತು. ಹಣ ಹೋದುದಕ್ಕಿಂತಲೂ ಅದು ಹೆಚ್ಚಿನ ನೋವು. ಆದುದರಿಂದ ಸಣ್ಣ ಹಳ್ಳವೊಂದನ್ನು ಜೀಪು ದಾಟುವಂತೆ ಮಾಡುವ ಬಗೆ ಹೇಗೆ, ಜನ ಕಟ್ಟಿದ್ದು ಕೊಚ್ಚಿಹೋಗುವುದು ಏಕೆ ಎಂಬುದನ್ನು ಇಲ್ಲಿ ಕೊಂಚ ವಿವರಿಸಿದರೆ ಅಪ್ರಯೋಜಕವಾಗಲಾರದು.

ನೀರಿನ ಲೆಕ್ಕ

ಮೊದಲು ಹಳ್ಳದ ಶಕ್ತಿಯನ್ನು ತಿಳಿಯಬೇಕು. ಚೆನ್ನೈಯಲ್ಲಿ ವರ್ಷವಿಡೀ ಬೀಳುವ ಮಳೆ ಸರಾಸರಿ ಸುಮಾರು 1,400 ಮಿಲಿಮೀಟರು. ನಮ್ಮ ಆಗುಂಬೆಯಲ್ಲಿ ಅದು ಏಳು ಸಾವಿರಕ್ಕೂ ಮಿಕ್ಕಿದೆ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲಿ ಸುರಿಯುತ್ತದೆ. ಬೇಸಗೆಯಲ್ಲಿ ಮಕ್ಕಳು ಹಾರಿ ದಾಟುವ ತೋಡು ಮಳೆಗಾಲದಲ್ಲಿ ಎಮ್ಮೆಯನ್ನು ಎಳೆದೊಯ್ಯುವುದರಲ್ಲಿ ಸೋಜಿಗವಿಲ್ಲ.

ಒಂದು ಚಿಕ್ಕ ಗುಣಾಕಾರ ಮಾಡಿ ನೋಡೋಣ. ಹಳ್ಳಕ್ಕೆ ನೀರು ಇಳಿಸುವ ಗುಡ್ಡದ ವಿಸ್ತಾರ ಒಂದು ಚದರ ಕಿಲೋಮೀಟರು ಎಂದುಕೊಳ್ಳಿ. ಒಂದು ಗಂಟೆಯಲ್ಲಿ 50 ಮಿ.ಮೀ. ಮಳೆ ಹೊಯ್ದರೆ ಆ ಗುಡ್ಡದ ಮೇಲೆ ಬಿದ್ದ ನೀರು ಐದು ಕೋಟಿ ಲೀಟರು. ಅರ್ಧ ಭಾಗ ನೆಲದೊಳಕ್ಕೆ ಇಂಗಿತೆಂದರೂ ಉಳಿದ ಎರಡೂವರೆ ಕೋಟಿ ಲೀಟರು ಹಳ್ಳಕ್ಕೇ ಬರಬೇಕು. ಅಂದರೆ ಸೆಕೆಂಡಿಗೆ ಸುಮಾರು ಏಳು ಸಾವಿರ ಲೀಟರು. ಈ ಊರಿನ ಬೀದಿಗಳಲ್ಲಿ ನೀರಿನ ಟ್ಯಾಂಕರು ಲಾರಿಗಳನ್ನು ನಾವು ದಿನವೂ ಕಾಣುತ್ತೇವಷ್ಟೆ. ಹನ್ನೆರಡು ಸಾವಿರ ಲೀಟರಿನ ಅಂಥ ಲಾರಿಯೊಂದನ್ನು ಎರಡು ಸೆಕೆಂಡಿಗೊಮ್ಮೆ ಬಗ್ಗಿಸುತ್ತಾ ಹೋದರೆ ಎಷ್ಟೋ, ಅದಕ್ಕೂ ತುಸು ಹೆಚ್ಚು.

ಇನ್ನು ಪೈಪಿನ ಲೆಕ್ಕ. ನೆರೆ ಬಂದಾಗ ಹಳ್ಳ ಹದಿನೈದು ಅಡಿ ಅಗಲ, ಮೂರಡಿ ಆಳ ಹರಿಯುತ್ತದೆ ಎನ್ನೋಣ. ನೀರು ಹಾಯುವ ಬಾಯಿ 45 ಚದರಡಿಯಾಯಿತು. ಎರಡಡಿ ವ್ಯಾಸದ ಪೈಪಿನ ಬಾಯಿ ಸುಮಾರು 3 ಚದರಡಿ ಮಾತ್ರ. ಹದಿನೈದು ಜನ ಏಕಕಾಲಕ್ಕೆ ನುಗ್ಗುತ್ತಿದ್ದ ಬಾಗಿಲನ್ನು ಒಬ್ಬನಿಗೆ ಮಾತ್ರ ಬಿಟ್ಟು ಮುಚ್ಚಿದಂತೆ ಇದು. ಉಳಿದ ಹದಿನಾಲ್ವರು ಗೋಡೆ ಒಡೆಯದೆ ಇರುವರೆ? ನಮ್ಮೂರಿನ ಮೋರಿ ಹೋದುದು ಮೇಸ್ತ್ರಿಯ ಕೆಲಸ ಕೆಟ್ಟದ್ದೆಂದಲ್ಲ, ಈ ಗುಣಾಕಾರವನ್ನು ನಮ್ಮಲ್ಲಿ ಯಾರೂ ಮಾಡಲಿಲ್ಲವೆಂದು.

ಮೂರಡಿ ವ್ಯಾಸದ ಪೈಪಿನ ಬಾಯಿ 7 ಚದರಡಿ. ಎರಡಡಿಯ ಎರಡು ಪೈಪುಗಳಿಗಿಂತಲೂ ಹೆಚ್ಚು. ಆದರೆ ಅಂಥ ಮೂರು ಪೈಪುಗಳನ್ನಿಟ್ಟರೂ 21 ಚದರಡಿ. ನೆರೆಗೆ ಬೇಕಾದುದರ ಅರ್ಧವೂ ಆಗಲಿಲ್ಲ. ಹಾಗಾದರೆ ಬಡವರು ಏನು ಮಾಡಬೇಕು? ಉತ್ತರ ಸರಳವಾಗಿದೆ. ದಿನದಿನದ ನೀರನ್ನು ಪೈಪಿನಲ್ಲಿ ಬಿಡಬೇಕು. ನೆರೆಯ ನೀರನ್ನು ಮೇಲೆಯೇ ಹರಿಯಗೊಡಬೇಕು. ವರ್ಷದಲ್ಲಿ ಕೆಲವು ದಿನ, ಕೆಲವು ಗಂಟೆ ಹಾದಿ ಮುಳುಗುತ್ತದೆಂದು ಮೊದಲೇ ಒಪ್ಪಿಕೊಂಡು, ಮುಳುಗಿದರೂ ಕೆಡದಂತೆ ಕಟ್ಟುವುದು. ಇದನ್ನೇ ನಮ್ಮವರು ಮುಳುಗು ಸೇತುವೆ ಎನ್ನುತ್ತಾರೆ. ಇಂಜಿನಿಯರುಗಳು ಕಾಸ್‌ವೇ ಎನ್ನುತ್ತಾರೆ. ಇಲ್ಲಿನ ತಮಿಳರು ತರೈಪ್ಪಾಲಂ, ಅಂದರೆ ನೆಲಸೇತುವೆ, ಎನ್ನುತ್ತಾರೆ. ಪೂಂಡಿ ಜಲಾಶಯದಿಂದ ಹೆಚ್ಚಿಗೆ ನೀರು ಬಿಟ್ಟಾಗ ಕೊಸಸ್ತಲೈ ನದಿಯ ನೆಲಸೇತುವೆಗಳು ಮುಳುಗಿ ಸಂಚಾರ ನಿಂತಿತೆಂಬ ಸುದ್ದಿಯನ್ನು ಹಿಂಗಾರಿನಲ್ಲಿ ನಾವು ಓದುವುದುಂಟು.

ನಮ್ಮ ನಾಡಿನ ಉದಾಹರಣೆಗಳು

ದಕ್ಷಿಣ ಕನ್ನಡದವರಿಗೆ ಹೊಸಮಠದ ಹೆಸರು ಹೊಸದಲ್ಲ. ಉಪ್ಪಿನಂಗಡಿಯಿಂದ ಕಡಬದ ಮೇಲೆ ಸುಬ್ರಹ್ಮಣ್ಯಕ್ಕೆ ಹೋಗುವ ಹಾದಿಯಲ್ಲಿ ಗುಂಡ್ಯ ಹೊಳೆಗೆ ಅಲ್ಲಿ ಒಂದು ಮುಳುಗು ಸೇತುವೆಯಿತ್ತು. ಮಳೆಗಾಲದಲ್ಲಿ ಹೊಳೆ ಏರಿದಾಗಲೆಲ್ಲ ಅದು ಮುಳುಗಿ, ಬಸ್ಸುಗಳು ಎರಡು ದಡದಲ್ಲೂ ನಿಲ್ಲುತ್ತಿದ್ದುವು. ನೀರು ಇಳಿದ ಮೇಲೆ ಮತ್ತೆ ಅದರ ಮೇಲೆಯೇ ಓಡಾಟ. ಕಾಲಾಂತರದಲ್ಲಿ ಅಲ್ಲಿಗೆ ಎತ್ತರದ ಹೊಸ ಸೇತುವೆ ಬಂದಿತು. ಹೆದ್ದಾರಿಯಂಥ ರಸ್ತೆಗೆ ಮುಳುಗು ಸೇತುವೆ ಸಾಲದು, ನಿಜ. ಆದರೆ ನಾಲ್ಕಾರು ಮನೆಗಳಿಗೆ ಹೋಗುವ ಜೀಪುದಾರಿಗೆ ಅದೇ ತಕ್ಕದ್ದು.

ಕಲ್ಲಿನ ಕಂಬಗಳ ನಡುವೆ ನೀರಿಗೆ ಧಾರಾಳವಾಗಿ ಎಡೆಬಿಟ್ಟರೆ ಕಟ್ಟಡ ಎಷ್ಟು ಕಾಲ ಬಾಳುತ್ತದೆಂಬುದಕ್ಕೆ ಶ್ರೀರಂಗಪಟ್ಟಣದ ವೆಲ್ಲೆಸ್ಲಿ ಸೇತುವೆಯೇ ಸಾಕ್ಷಿ. ದಿವಾನ್ ಪೂರ್ಣಯ್ಯನವರ ಕಾಲದಲ್ಲಿ, 1804ರಲ್ಲಿ, ಕಾವೇರಿಗೆ ಕಟ್ಟಿದ ಆ ಸೇತುವೆ ಕಲ್ಲಿನ ಕಂಬ, ಕಲ್ಲಿನ ತೊಲೆಗಳದು. ಎರಡು ಶತಮಾನಗಳ ನೆರೆಗಳನ್ನು ಕಂಡು ಇಂದಿಗೂ ನಿಂತಿದೆ.

ಕಾಲುಸಂಕ, ತೂಗುಸೇತುವೆಗಳ ಮಾತು ಬೇರೆ. ಸುಳ್ಯದ ಗಿರೀಶ್ ಭಾರದ್ವಾಜರು 1989ರಲ್ಲಿ ಅರಂಬೂರಿನಲ್ಲಿ ಪಯಸ್ವಿನಿಗೆ ತೂಗುಸೇತುವೆ ಕಟ್ಟಿದುದರಿಂದ ಮೊದಲುಗೊಂಡು ನೂರಕ್ಕೂ ಮೀರಿ ಅಂಥವನ್ನು ಕಟ್ಟಿದರು. 2017ರಲ್ಲಿ ಅವರಿಗೆ ಪದ್ಮಶ್ರೀ ಬಂದಿತು. ಆಳವಾದ ಹೊಳೆಗೆ, ನಡೆದು ಹೋಗುವ ಮಕ್ಕಳಿಗೆ ಅದು ವರದಾನ. ಆದರೆ ಅದರ ಮೇಲೆ ಜೀಪು ಹೋಗುವಂತಿಲ್ಲ. ಅಡಕೆ ಮರದ ಕಾಲುಸಂಕವೂ ಹಾಗೆಯೇ. ಹೊರೆ ತುಂಬಿದ ಪಿಕಪ್ ಗಾಡಿ ಸುಮಾರು ಮೂರು ಟನ್ ತೂಗುತ್ತದೆ. ಮರದ ದಿಮ್ಮಿಗಳನ್ನು ಹಾಸಿ ಅದನ್ನು ದಾಟಿಸುವವರಿದ್ದಾರೆ. ಎರಡನೆಯ ಮಳೆಗೆ ದಿಮ್ಮಿಯ ಒಳಗು ಕುಂಬಾದುದು ಹೊರಗೆ ಕಾಣುವುದಿಲ್ಲ. ಜೀವದ ಹಂಗಿದ್ದವರು ಅದನ್ನು ನೆಚ್ಚಬಾರದು.

ಜಾಗವನ್ನು ಆರಿಸುವುದು

ಹಳ್ಳ ತಿರುಗುವಲ್ಲಿ ಕಟ್ಟಬಾರದು. ತಿರುವಿನ ಹೊರದಂಡೆಯನ್ನು ನೀರು ಎಂದಿಗೂ ಕೊರೆಯುತ್ತಲೇ ಇರುತ್ತದೆ. ಎರಡು ತೋಡುಗಳು ಕೂಡುವ ಜಾಗದ ಕೆಳಗೂ ಬೇಡ. ಹಳ್ಳ ನೇರವಾಗಿ ಹರಿಯುವ, ತಳದಲ್ಲಿ ಬಂಡೆಯೋ ಗಟ್ಟಿ ಜಲ್ಲಿಯೋ ಇರುವ, ಎರಡು ದಂಡೆಗಳೂ ತಗ್ಗಾಗಿರುವ ಜಾಗ ಉತ್ತಮ. ಹಿಂದೆ ಎತ್ತಿನ ಗಾಡಿ ಹಾಯುತ್ತಿದ್ದ ಜಾಗ ಯಾವುದೆಂದು ಹಿರಿಯರನ್ನು ಕೇಳಿ. ಬಹುತೇಕ ಅದೇ ಸರಿಯಾದ ಜಾಗ. ಹಾದಿ ಹಳ್ಳವನ್ನು ಓರೆಯಾಗಿ ಅಲ್ಲ, ನೇರ ಅಡ್ಡವಾಗಿ ದಾಟಬೇಕು.

ನೆರೆಯ ಎತ್ತರವನ್ನು ತಿಳಿಯಲು ಯಂತ್ರ ಬೇಡ. ದಂಡೆಯ ಮರಗಳಲ್ಲಿ ಸಿಕ್ಕಿಕೊಂಡ ಒಣ ತರಗು, ಕಸಕಡ್ಡಿ ಎಷ್ಟು ಎತ್ತರದಲ್ಲಿವೆಯೆಂದು ಅಳೆದರೆ ಸಾಕು. ಅಲ್ಲಿಯವರೆಗೆ ನೀರು ಬಂದಿತ್ತು, ಮತ್ತೆಯೂ ಬರುತ್ತದೆ.

ಎರಡು ಬಗೆಯ ಕಟ್ಟಡ

ಮೊದಲನೆಯದು ಕಲ್ಲುಹಾಸು. ವರ್ಷದ ಹೆಚ್ಚಿನ ಕಾಲ ಅರ್ಧ ಅಡಿಗಿಂತ ಕಡಮೆ ನೀರು ಹರಿಯುವ, ದಿನಕ್ಕೆ ಒಂದೆರಡು ಗಾಡಿ ಓಡಾಡುವ ಕಡೆ ಇದೇ ಸಾಕು. ಹಳ್ಳದ ತಳವನ್ನು ಒಂದೂವರೆ ಅಡಿ ಅಗೆದು, ದಪ್ಪ ಕಲ್ಲುಗಳನ್ನು ನಿಲ್ಲಿಸಿ ಒತ್ತಾಗಿ ಜೋಡಿಸಿ, ಸಂದುಗಳಿಗೆ ಚಿಕ್ಕ ಕಲ್ಲು ಬಡಿದು, ಮೇಲೆ ಎಂಟು ಅಂಗುಲ ಕಾಂಕ್ರೀಟು ಹಾಕುವುದು. ಒಂದು ಪಾಲು ಸಿಮೆಂಟು, ಒಂದೂವರೆ ಪಾಲು ಮರಳು, ಮೂರು ಪಾಲು ಜಲ್ಲಿ. ಇದರ ಮೇಲ್ಮೈ ಹಳ್ಳದ ತಳದ ಮಟ್ಟಕ್ಕೇ ಇರಬೇಕು, ಎತ್ತರವಾಗಬಾರದು. ಎತ್ತರವಾದರೆ ಅದು ಹಾಸಾಗದೆ ಅಣೆಕಟ್ಟಾಗುತ್ತದೆ. ನೀರು ಅದರ ಮೇಲಿಂದ ಧುಮುಕಿ ಕೆಳಗೆ ಗುಂಡಿ ತೋಡುತ್ತದೆ.

ಎರಡನೆಯದು ಪೈಪುಗಳುಳ್ಳ ಮುಳುಗು ಸೇತುವೆ. ಹ್ಯೂಮ್ ಪೈಪೆಂದು ನಮ್ಮವರು ಕರೆಯುವ ಕಾಂಕ್ರೀಟು ಪೈಪಿಗೆ ಆ ಹೆಸರು ಬಂದುದು ಆಸ್ಟ್ರೇಲಿಯಾದ ವಾಲ್ಟರ್ ಹ್ಯೂಮ್ ಎಂಬವರಿಂದ. ಅಚ್ಚನ್ನು ಗಿರಗಿರನೆ ತಿರುಗಿಸಿ ಪೈಪು ಎರೆಯುವ ವಿಧಾನವನ್ನು ಅವರು 1910ರಲ್ಲಿ ಕಂಡುಹಿಡಿದರು. ಇದರಲ್ಲಿ ದರ್ಜೆಗಳಿವೆ. ಗದ್ದೆಗೆ ನೀರು ಬಿಡುವ ಹಗುರ ಪೈಪನ್ನು ಗಾಡಿಯ ಕೆಳಗೆ ಇಡಬಾರದು, ಅಂಗಡಿಯಲ್ಲಿ ಎನ್.ಪಿ. 3 ದರ್ಜೆಯದೆಂದು ಕೇಳಿಯೇ ತೆಗೆದುಕೊಳ್ಳಬೇಕು. ಒಂದೊಂದು ಪೈಪಿನ ಉದ್ದ ಎರಡೂವರೆ ಮೀಟರು, ಅಂದರೆ ಸುಮಾರು ಎಂಟಡಿ. ತುದಿಗೆ ತುದಿ ಎರಡನ್ನು ಕೂಡಿಸಿದರೆ ಹದಿನಾರು ಅಡಿ; ಹನ್ನೆರಡು ಅಡಿ ಅಗಲದ ಜೀಪುದಾರಿಗೆ ಬೇಕಾದಷ್ಟಾಯಿತು.

ಪೈಪಿನ ಅಡಿ ಹಳ್ಳದ ತಳಕ್ಕಿಂತ ನಾಲ್ಕಾರು ಅಂಗುಲ ಕೆಳಗಿರಲಿ. ಮೇಲೆ ನೇತಾಡುವಂತೆ ಇಟ್ಟರೆ ಹೊಸನೀರಿಗೆ ಎದುರಾಗಿ ಹತ್ತುವ ಮೀನುಗಳಿಗೆ ಹಾದಿ ತಪ್ಪುತ್ತದೆ. ಪೈಪಿನ ಬಾಯಿಂದ ಬಿದ್ದ ನೀರು ತಳವನ್ನೂ ಕೊರೆಯುತ್ತದೆ. ಮೂರಡಿಯ ಪೈಪುಗಳ ನಡುವೆ ಒಂದೂವರೆ ಅಡಿಯಾದರೂ ಎಡೆಯಿಟ್ಟು, ಸುತ್ತಲೂ ಮಣ್ಣಲ್ಲ, ಕಾಂಕ್ರೀಟನ್ನೇ ತುಂಬಬೇಕು. ಮಣ್ಣು ತುಂಬಿದ ಮೋರಿಯ ಮೇಲೆ ಒಮ್ಮೆ ನೀರು ಹಾಯ್ದರೆ ಉಳಿಯುವುದು ಪೈಪು ಮಾತ್ರ. ಕಸಕ್ಕೆ ಸಿಕ್ಕುವ ಸಣ್ಣ ಪೈಪುಗಳನ್ನು ಹಲವು ಇಡುವುದಕ್ಕಿಂತ ದೊಡ್ಡವನ್ನು ಕೆಲವು ಇಡುವುದು ಮೇಲು. ಒಂದು ತೆಂಗಿನ ಗರಿ ಅಡ್ಡವಾದರೆ ಒಂದಡಿಯ ಪೈಪು ಇದ್ದೂ ಇಲ್ಲದಂತೆ.

ಕೊಚ್ಚಿಹೋಗದಂತೆ ಮೂರು ಎಚ್ಚರ

ಒಂದು, ನಡು ತಗ್ಗಿರಬೇಕು. ಸೇತುವೆಯ ಮೇಲ್ಮೈ ತಟ್ಟೆಯ ಹಾಗೆ ನಡುವಿನಲ್ಲಿ ತಗ್ಗಾಗಿ, ಎರಡೂ ಕೊನೆಗಳಲ್ಲಿ ಏರಿರಲಿ. ಆಗ ಉಕ್ಕಿದ ನೀರು ಗಟ್ಟಿಯಾದ ನಡುವಿನ ಮೇಲೆ ಹರಿದುಹೋಗುತ್ತದೆ. ನಡು ಉಬ್ಬಾಗಿ ಕೊನೆಗಳು ತಗ್ಗಾದರೆ ನೀರು ಕೊನೆಯನ್ನು ಬಳಸಿ ಮಣ್ಣಿನ ದಂಡೆಯನ್ನು ಕೊರೆಯುತ್ತದೆ. ನಮ್ಮೂರಿನ ಅಡಕೆ ಮರಗಳು ಹೋದುದು ಹೀಗೆಯೇ. ಕಟ್ಟಡದ ಎರಡೂ ತುದಿಗಳನ್ನು ನಾಲ್ಕಾರು ಅಡಿ ದಂಡೆಯೊಳಕ್ಕೆ ಹೊಗಿಸಿ ಕಟ್ಟುವುದು ಅವಶ್ಯ.

ಎರಡು, ಕೆಳಗಡೆಯನ್ನು ಕಾಯಬೇಕು. ಜನ ನೀರು ಬಂದು ಬಡಿಯುವ ಮೇಲುಗಡೆಗೆ ಕಲ್ಲು ಪೇರಿಸುತ್ತಾರೆ. ಆದರೆ ಪೆಟ್ಟು ಬೀಳುವುದು ನೀರು ಇಳಿಯುವ ಕೆಳಗಡೆಗೆ. ನೀರಿನ ವೇಗ ಇಮ್ಮಡಿಯಾದರೆ ಅದು ಉರುಳಿಸಬಲ್ಲ ಕಲ್ಲಿನ ತೂಕ ಇಮ್ಮಡಿಯಲ್ಲ, ಸುಮಾರು 64 ಮಡಿಯಾಗುತ್ತದೆಂದು ಶಾಸ್ತ್ರ ತಿಳಿದವರು ಹೇಳುತ್ತಾರೆ. ಇಕ್ಕಟ್ಟಾದ ಪೈಪಿನಿಂದ ಹೊರಬಿದ್ದ ನೀರಿನ ರಭಸ ಇದರಿಂದ ಅರ್ಥವಾಗುತ್ತದೆ. ಆದುದರಿಂದ ಕೆಳಬದಿಗೆ ನೆಲದೊಳಗೆ ನಾಲ್ಕೈದು ಅಡಿ, ಬಂಡೆ ಸಿಕ್ಕಿದರೆ ಬಂಡೆಯವರೆಗೆ, ಒಂದು ತಡೆಗೋಡೆ ಇಳಿಸಬೇಕು. ಮೇಲುಬದಿಗೆ ಮೂರಡಿ ಸಾಕು. ತಡೆಗೋಡೆಯ ಆಚೆ ಹತ್ತು ಹನ್ನೆರಡು ಅಡಿ ದೂರ ದಪ್ಪ ಕಲ್ಲುಗಳನ್ನು ಹಾಸಬೇಕು. ದೊಡ್ಡ ಕಲ್ಲು ಸಿಕ್ಕದ ಕಡೆ ತಂತಿಬಲೆಯಲ್ಲಿ ಸಣ್ಣ ಕಲ್ಲು ತುಂಬಿ ಹೊಲಿದ ಬುಟ್ಟಿಗಳಾದರೂ ಆದೀತು.

ಮೂರು, ಅಡ್ಡಗೋಡೆ ಬೇಡ. ಮಕ್ಕಳು ಬಿದ್ದಾರೆಂಬ ಭಯದಿಂದ ಇಬ್ಬದಿಗೂ ಎತ್ತರದ ಗೋಡೆ ಕಟ್ಟುವುದುಂಟು. ನೆರೆಯಲ್ಲಿ ಅದಕ್ಕೆ ಕೊಂಬೆ, ಗರಿ, ಬಿದಿರು ಸಿಕ್ಕಿ, ಇಡೀ ಕಟ್ಟಡ ಒಂದು ಅಣೆಯಾಗಿಬಿಡುತ್ತದೆ. ಬದಲಿಗೆ ಆರಾರು ಅಡಿಗೊಂದು ಮೋಟು ಕಂಬ ನೆಟ್ಟು, ಸುಣ್ಣ ಬಳಿದು, ಒಂದಡಿಯ ಮಟ್ಟಕ್ಕೆ ಕೆಂಪು ಗೆರೆ ಎಳೆಯಿರಿ. ನೀರಿನ ಮೇಲೆ ಕಂಬ ಕಾಣುವತನಕ ಹಾದಿಯ ಅಂಚೆಲ್ಲಿ ಎಂಬುದು ತಿಳಿಯುತ್ತದೆ. ಹಲಗೆ ಹಾಕುವ ಕಿಂಡಿ ಅಣೆಕಟ್ಟೇ ಸೇತುವೆಯೂ ಆಗಿರುವ ಕಡೆ, ಮುಂಗಾರಿಗೆ ಮೊದಲು ಹಲಗೆಗಳನ್ನು ತೆಗೆಯಲು ಮರೆತರೆ ಇದೇ ಅಪಾಯ.

ಇಳಿಜಾರಿನ ವಿಷಯ ಒಂದು ಮಾತು. ದಂಡೆಯಿಂದ ಹಳ್ಳಕ್ಕೆ ಇಳಿಯುವ ಹಾದಿ ಹತ್ತು ಅಡಿಗೆ ಒಂದಡಿಗಿಂತ ಕಡಿದಾಗಬಾರದು. ಅದಕ್ಕೂ ಕಲ್ಲು ಹಾಸದಿದ್ದರೆ ಸೇತುವೆ ಗಟ್ಟಿಯಾಗಿದ್ದರೂ ಜೀಪು ಏರಿನ ಕೆಸರಿನಲ್ಲಿ ಹೂತು ನಿಲ್ಲುತ್ತದೆ.

ಯಾವಾಗ, ಯಾರ ಒಪ್ಪಿಗೆಯಿಂದ

ಜನವರಿಯಿಂದ ಏಪ್ರಿಲ್‌ವರೆಗೆ ನೀರು ಕಡಮೆಯಿರುವಾಗ ಕೆಲಸ ಮುಗಿಯಬೇಕು. ಕಾಂಕ್ರೀಟನ್ನು ಕನಿಷ್ಠ 7 ದಿನ ಹಸಿಯಾಗಿಟ್ಟು, ಪೂರ್ಣ ಬಲ ಬರಲು 28 ದಿನ ಕಾಯಬೇಕು. ಮೇ ಕೊನೆಯಲ್ಲಿ ಅವಸರದಿಂದ ಎರೆದದ್ದು ಜೂನ್‌ನ ಮೊದಲ ನೆರೆಗೇ ಆಹುತಿ.

ಹಳ್ಳ ಯಾರ ಸ್ವಂತದ್ದೂ ಅಲ್ಲ. ಗ್ರಾಮ ಪಂಚಾಯಿತಿಗೆ ಬರೆದು ಕೊಟ್ಟು ಒಪ್ಪಿಗೆ ಪಡೆಯಬೇಕು. ಹಳ್ಳ ಕಾಡಿನೊಳಗಿದ್ದರೆ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಕಲ್ಲೊಂದನ್ನೂ ಇಡುವಂತಿಲ್ಲ. ಪಂಚಾಯಿತಿಯ ಇಂಜಿನಿಯರರನ್ನು ಕರೆತಂದು ಜಾಗ ತೋರಿಸುವುದು ಖರ್ಚಿನ ಮಾತಲ್ಲ. ಮುಳುಗು ಸೇತುವೆಗಳಿಗೆಂದೇ ಇಂಡಿಯನ್ ರೋಡ್ಸ್ ಕಾಂಗ್ರೆಸ್ 2008ರಲ್ಲಿ ಮಾರ್ಗಸೂಚಿ ಹೊರಡಿಸಿದೆ. ಅವರಿಗೆ ಅದು ತಿಳಿದಿರುತ್ತದೆ. ನೆರೆಯಲ್ಲಿ ಆಳು ಮುಳುಗುವ ಆಳದ ಹೊಳೆಗಾದರೆ ಊರವರ ಕೈಕೆಲಸ ಸಲ್ಲದು. ಅದು ಸರಕಾರವೇ ಮಾಡತಕ್ಕ ಕೆಲಸ.

ಕಟ್ಟಿದ ಮೇಲೆ ದಾಟುವ ನಿಯಮ

ಜೀಪು ನಾಲ್ಕು ಚಕ್ರಕ್ಕೂ ಶಕ್ತಿಯುಳ್ಳದ್ದು, ಎಲ್ಲಿ ಬೇಕಾದರೂ ಹೋಗುತ್ತದೆಂದು ಚಾಲಕರಿಗೆ ಹೆಮ್ಮೆ. ಕೆಸರಿನಲ್ಲಿ ಅದು ನಿಜ. ಹರಿಯುವ ನೀರಿನಲ್ಲಿ ಅಲ್ಲ. ಹದಿಮೂರಡಿ ಉದ್ದ, ಐದಡಿ ಅಗಲದ ಗಾಡಿಯ ತಳದಿಂದ ಒಂದಡಿ ಮೇಲಕ್ಕೆ ನೀರು ಏರಿದರೆ, ಆ ನೀರು ಗಾಡಿಯನ್ನು ಎತ್ತುವ ಬಲ ಸುಮಾರು 1,800 ಕಿಲೋಗ್ರಾಂ. ಖಾಲಿ ಜೀಪಿನ ತೂಕ ಒಂದೂವರೆ ಟನ್ನಿನ ಆಸುಪಾಸು. ಒಳಕ್ಕೆ ನೀರು ನುಗ್ಗಿದಷ್ಟೂ ಈ ಬಲ ಕುಗ್ಗುವುದು ನಿಜ. ಆದರೆ ಚಕ್ರದ ಹಿಡಿತ ತಪ್ಪಲು ಗಾಡಿ ಪೂರ್ತಿ ತೇಲಬೇಕೆಂದೇನೂ ಇಲ್ಲ. ರಭಸದ ನೀರು ಅರ್ಧ ಅಡಿಯಿದ್ದರೆ ಮನುಷ್ಯನನ್ನು ಕೆಡವುತ್ತದೆ. ಒಂದಡಿ ಸಣ್ಣ ಕಾರನ್ನೂ, ಎರಡಡಿ ದೊಡ್ಡ ಗಾಡಿಯನ್ನೂ ಒಯ್ಯಬಲ್ಲುದು. ಕಂಬದ ಕೆಂಪು ಗೆರೆ ಮುಳುಗಿದ್ದರೆ ಯಾರ ಮಾತಿಗೂ ದಾಟಬಾರದು. ಗುಡ್ಡದ ತೋಡಿನ ನೀರು ಏರಿದಷ್ಟೇ ಬೇಗ ಇಳಿಯುತ್ತದೆ. ಹಲವು ವೇಳೆ ಎರಡು ಮೂರು ಗಂಟೆ ಕಾದರೆ ಸಾಕು.

ಹಣ ಕಳುಹಿಸುವ ಮುನ್ನ

ಇಷ್ಟನ್ನೂ ಹೇಳಿದ್ದು ನಾವಿಲ್ಲಿ ಕುಳಿತು ಊರಿನವರಿಗೆ ಬುದ್ಧಿ ಹೇಳಬೇಕೆಂದಲ್ಲ. ನೀರಿನ ಗುಣ ಅವರಿಗೆ ನಮಗಿಂತ ಚೆನ್ನಾಗಿ ಗೊತ್ತು. ಆದರೆ ಹಣ ಸಾಲದಾದಾಗ ಎಲ್ಲರೂ ಮೊದಲು ಕೈಬಿಡುವುದು ಕಣ್ಣಿಗೆ ಕಾಣದ ಕೆಲಸವನ್ನು, ಅಂದರೆ ಕೆಳಗಣ ತಡೆಗೋಡೆಯನ್ನು, ಕಲ್ಲುಹಾಸನ್ನು. ಆಗ ನಮ್ಮ ಪಾಲು ಉಪಯೋಗಕ್ಕೆ ಬರಬೇಕು. ಮುಂದಿನ ಸಲ ಕರೆ ಬಂದಾಗ ಈ ಐದು ಪ್ರಶ್ನೆಗಳನ್ನು ವಿನಯದಿಂದಲೇ ಕೇಳಿ: ನೆರೆ ಬಂದಾಗ ನೀರು ಎಷ್ಟು ಅಗಲ, ಎಷ್ಟು ಆಳ? ಪೈಪುಗಳು ಎಷ್ಟು, ಎಷ್ಟಡಿಯವು? ಸೇತುವೆಯ ನಡು ತಗ್ಗಿದೆಯೆ? ಕೆಳಗಡೆಗೆ ತಡೆಗೋಡೆ, ಕಲ್ಲುಹಾಸು ಇವೆಯೆ? ಪ್ರತಿ ನೆರೆಯ ನಂತರ ಪೈಪಿನ ಕಸ ತೆಗೆಯುವವರು ಯಾರು?

ನಮ್ಮೂರಿನವರಿಗೆ ಎರಡನೆಯ ಬಾರಿ ಈ ಪ್ರಶ್ನೆಗಳನ್ನು ಕೇಳಿದೆವು. ಖರ್ಚು ಮೊದಲಿನದರ ಮೂರರಷ್ಟಾಯಿತು. ಇಲ್ಲಿಂದ ನಾವು ಐದು ಮಂದಿ ಸೇರಿ ಕೊಟ್ಟೆವು. ಮೂರಡಿಯ ಮೂರು ಪೈಪು, ನಡುವಿನಲ್ಲಿ ತಗ್ಗು, ಕೆಳಗೆ ಬಂಡೆಗೆ ಇಳಿದ ಗೋಡೆ. ನಾಲ್ಕು ಮಳೆಗಾಲಗಳಾದುವು. ಪ್ರತಿವರ್ಷ ಹತ್ತಾರು ಸಲ ಮುಳುಗುತ್ತದೆ, ಮತ್ತೆ ತಲೆಯೆತ್ತುತ್ತದೆ. ಕಳೆದ ಶ್ರಾವಣದಲ್ಲಿ ಬಾಣಂತಿಯೊಬ್ಬಳು ಕೂಸಿನೊಡನೆ ಆಸ್ಪತ್ರೆಯಿಂದ ಜೀಪಿನಲ್ಲಿ ಮನೆಯಂಗಳಕ್ಕೇ ಬಂದಿಳಿದಳೆಂದು ಊರಿನಿಂದ ಕರೆ ಬಂದಿತು. ಆ ಸಲದ ಕರೆಯಲ್ಲಿ ಹಣದ ಮಾತಿರಲಿಲ್ಲ.